ಹಿರಿಯರ ಮೇಲಿನ ಹಿಂಸೆ: ಹೊಡೆಯುವ ಕೈ ಯಾರದು?

ಅರವತ್ತು ದಾಟಿದವರ ಮೇಲೆ ನಡೆಯುವ ಹಿಂಸೆಯಲ್ಲಿ ಅಪರಿಚಿತರ ಪಾಲಿಗಿಂತ ಪರಿಚಿತರ ಪಾಲು ದೊಡ್ಡದು. ಬೀಗ ಮುರಿದು ಒಳನುಗ್ಗಿದ ಕಳ್ಳ, ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಕೊರಳಿನ ಸರ ಕಿತ್ತು ಓಡಿದ ಬೈಕ್ ಸವಾರ, ಮೀಟರ್ ನೋಡುವ ನೆಪದಲ್ಲಿ ಒಂಟಿ ವೃದ್ಧೆಯ ಮನೆಗೆ ಬಂದವನು, ಪತ್ರಿಕೆಗಳ ಅಪರಾಧ ಪುಟದಲ್ಲಿ ಕಾಣುವವರು ಹೆಚ್ಚಾಗಿ ಇವರೇ. ಸಂಶೋಧನೆಗಳು ಬೊಟ್ಟು ಮಾಡುವುದು ಬೇರೆಯವರತ್ತ: ಮಗ, ಗಂಡ ಅಥವಾ ಹೆಂಡತಿ, ಸೊಸೆ, ಮಗಳು, ಅಳಿಯ, ಮೊಮ್ಮಗ, ನೋಡಿಕೊಳ್ಳಲು ಬಂದವರು, ನೆರೆಯವರು. ಹಾಗಾಗಿ ಈ ಅಪರಾಧವನ್ನು ಅರ್ಥಮಾಡಿಕೊಳ್ಳಲು ಹೊಡೆದವನ ಹೆಸರು ತಿಳಿದರೆ ಸಾಲದು. ಪೆಟ್ಟು ತಿಂದವರಿಗೂ ಅವನಿಗೂ ಇರುವ ನಂಟು ಯಾವುದು, ಆ ನಂಟಿನಲ್ಲಿ ಯಾರು ಯಾರನ್ನು ನೆಚ್ಚಿಕೊಂಡು ಬದುಕುತ್ತಿದ್ದಾರೆ ಎಂಬುದು ತಿಳಿಯಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2014ರ ವರದಿಯಿಂದ ಹಿರಿಯ ನಾಗರಿಕರ ಮೇಲಿನ ಅಪರಾಧಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿದೆ. ದೇಶದಲ್ಲಿ 2020ರಲ್ಲಿ 24,794, 2021ರಲ್ಲಿ 26,110, 2022ರಲ್ಲಿ 28,545 ಪ್ರಕರಣಗಳು ದಾಖಲಾದವು. 2022ರ ಪ್ರಕರಣಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವು ಸಾಮಾನ್ಯ ಗಾಯದ ಪ್ರಕರಣಗಳು. ಕಳವು, ವಂಚನೆ ಅದರ ನಂತರ ಬರುತ್ತವೆ. ಕಾನೂನಿನ ಭಾಷೆಯಲ್ಲಿ ಸಾಮಾನ್ಯವಾದ ಪೆಟ್ಟು ಎಪ್ಪತ್ತೈದರ ದೇಹಕ್ಕೆ ಸಾಮಾನ್ಯವಲ್ಲ. ಮೂಳೆ ಸವೆದವರನ್ನು ಒಮ್ಮೆ ತಳ್ಳಿದರೂ ಸೊಂಟ ಮುರಿಯಬಹುದು, ಸೊಂಟ ಮುರಿದು ಹಾಸಿಗೆ ಹಿಡಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಇಪ್ಪತ್ತೆಂಟು ಸಾವಿರ ಎಂಬುದು ಠಾಣೆಯ ಮೆಟ್ಟಿಲು ಹತ್ತಿದ ಪ್ರಕರಣಗಳ ಸಂಖ್ಯೆ ಮಾತ್ರ. 2017–18ರಲ್ಲಿ ನಡೆದ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು ಶೇ 5ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಳ್ಳಲಾಗಿದೆ ಎಂದು ಹೇಳಿಕೊಂಡರು. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಹಿರಿಯರ ಸಂಖ್ಯೆ ಹತ್ತು ಕೋಟಿ ದಾಟಿತ್ತು. ಅದರಲ್ಲಿ ಶೇ 5 ಎಂದರೆ ಐವತ್ತು ಲಕ್ಷ. ಇದರಲ್ಲಿ ಬೈಗುಳ, ನಿರ್ಲಕ್ಷ್ಯಗಳೂ ಸೇರಿವೆ, ಎಲ್ಲವೂ ಹೊಡೆತವಲ್ಲ ಎಂದು ಒಪ್ಪಿಕೊಂಡರೂ ಲಕ್ಷಗಳಿಗೂ ಸಾವಿರಗಳಿಗೂ ನಡುವಿನ ಅಂತರ ದಿಗಿಲು ಹುಟ್ಟಿಸುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಅಂತರವನ್ನು ಅಳೆಯಲು ಯತ್ನಿಸಿತು. ಸರ್ಕಾರಿ ವ್ಯವಸ್ಥೆಯ ಗಮನಕ್ಕೆ ಬಂದ ಪ್ರತಿ ಒಂದು ಪ್ರಕರಣದ ಹಿಂದೆ ಬಾರದೇ ಉಳಿದವು ಸುಮಾರು 24 ಎಂಬ ಅಂದಾಜಿಗೆ ಅದು ಬಂತು. ಇನ್ನು ಬ್ಯೂರೋದ ಕೋಷ್ಟಕದಲ್ಲಿ ಅಪರಾಧದ ಬಗೆ ಇದೆ, ಆರೋಪಿಗೂ ಹಿರಿಯರಿಗೂ ಇದ್ದ ಸಂಬಂಧ ಇಲ್ಲ. ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಬಂಧುವೋ ಪರಿಚಿತನೋ ಎಂಬುದನ್ನು ವಿಂಗಡಿಸುವ ವರದಿ ಹಿರಿಯರ ವಿಷಯದಲ್ಲೂ ಆ ಕೆಲಸ ಮಾಡಬೇಕಿತ್ತು.

ಸಂಬಂಧದ ಬಗ್ಗೆ ಹೆಚ್ಚು ಮಾಹಿತಿ ಇರುವುದು ಅಮೆರಿಕದಲ್ಲಿ. ಅಲ್ಲಿ ಹಿಂಸಾತ್ಮಕ ಅಪರಾಧಕ್ಕೆ ಗುರಿಯಾಗುವ ಪ್ರಮಾಣ ಎಲ್ಲ ವಯೋಮಾನಗಳ ಪೈಕಿ ಅತಿ ಕಡಿಮೆ ಇರುವುದು 65 ದಾಟಿದವರಲ್ಲಿ. ರಾತ್ರಿ ತಿರುಗಾಟ, ಬೀದಿ ಜಗಳಗಳಿಂದ ಅವರು ದೂರ ಇರುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ನಡೆಯುವ ಹಿಂಸೆ ಅವರ ಮನೆಯಲ್ಲೋ ಮನೆಯ ಆಸುಪಾಸಿನಲ್ಲೋ ನಡೆಯುವುದು ಹೆಚ್ಚು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಒಂದು ವರದಿಯ ಪ್ರಕಾರ 2002ರಿಂದ 2016ರ ನಡುವೆ ಅರವತ್ತು ದಾಟಿದ ಪುರುಷರ ಮೇಲಿನ ಮಾರಣಾಂತಿಕವಲ್ಲದ ಹಲ್ಲೆಗಳ ದರ ಸುಮಾರು ಶೇ 75ರಷ್ಟು ಏರಿತು. ಕೊಲೆಗಾರನ ನಂಟು ಗೊತ್ತಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಅವನು ಸಂಗಾತಿಯೋ ಮಗನೋ ಬಂಧುವೋ ಬಲ್ಲವನೋ ಆಗಿದ್ದ. ಅಪರಿಚಿತರ ಪಾಲು ಎದ್ದು ಕಾಣುವುದು ದರೋಡೆ, ಸುಲಿಗೆಗಳಲ್ಲಿ.

ಮನೆಯೊಳಗಿನ ಈ ಹಿಂಸೆಗೆ ಎಲ್ಲರೂ ಥಟ್ಟನೆ ಕೊಡುವ ವಿವರಣೆಯೊಂದಿದೆ. ಹಾಸಿಗೆ ಹಿಡಿದ ಅಪ್ಪ ಅಮ್ಮನ ಮಲಮೂತ್ರ ಬಳಿದು, ಔಷಧಿಗೆ ಹಣ ಸುರಿದು, ನಿದ್ದೆಗೆಟ್ಟು ಬೇಸತ್ತ ಮಕ್ಕಳು ಒಂದು ಗಳಿಗೆ ತಾಳ್ಮೆ ಕಳೆದುಕೊಂಡು ಕೈ ಎತ್ತುತ್ತಾರೆ ಎಂಬುದು ಆ ವಿವರಣೆ. 1975ರಲ್ಲಿ ಬ್ರಿಟನ್ನಿನ ವೈದ್ಯರು ಅಜ್ಜಿಯಂದಿರ ಮೈಮೇಲಿನ ಬಾಸುಂಡೆಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಮೊದಲು ಬರೆದಾಗಿನಿಂದ ಹಲವು ವರ್ಷ ತಜ್ಞರೂ ಇದನ್ನೇ ನಂಬಿದ್ದರು. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಈ ವಿವರಣೆಯಲ್ಲಿ ಪೆಟ್ಟು ತಿಂದವರೇ ಹೊರೆಯಾಗಿಬಿಡುತ್ತಾರೆ, ಹೊಡೆದವರು ಪಾಪದವರಾಗುತ್ತಾರೆ.

ಈ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದ ಸಮಾಜವಿಜ್ಞಾನಿಗಳಾದ ಕಾರ್ಲ್ ಪಿಲ್ಲೆಮರ್ ಮತ್ತು ಡೇವಿಡ್ ಫಿಂಕೆಲ್‌ಹೋರ್. ಇವರು ಬಾಸ್ಟನ್ ಮಹಾನಗರ ಪ್ರದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಮಾತನಾಡಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿರಕ್ಕೆ 32 ಹಿರಿಯರು ದೌರ್ಜನ್ಯಕ್ಕೆ ಒಳಗಾಗಿದ್ದರು. ಹಿಂಸಿಸಿದವರಲ್ಲಿ ಅರ್ಧಕ್ಕೂ ಹೆಚ್ಚಿನವರು ಸಂಗಾತಿಗಳು, ಮಕ್ಕಳು ಸುಮಾರು ಕಾಲುಭಾಗ. ಯಾರ ಜೊತೆ ಒಂದೇ ಸೂರಿನಡಿ ಬದುಕುತ್ತಾರೋ ಅವರಿಂದಲೇ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು ಎಂಬುದು ಇದರ ಅರ್ಥ. ಅಮೆರಿಕದ ಹಿರಿಯರು ಮಕ್ಕಳ ಜೊತೆಗಿಂತ ಸಂಗಾತಿಯ ಜೊತೆ ಇರುವುದು ಹೆಚ್ಚು.

ಪಿಲ್ಲೆಮರ್ ಅವರ ಇನ್ನೊಂದು ಶೋಧನೆ ಇದಕ್ಕಿಂತ ಮಹತ್ವದ್ದು. ಹಿಂಸೆಗೆ ಒಳಗಾದ ಹಿರಿಯರನ್ನೂ ಒಳಗಾಗದವರನ್ನೂ ಹೋಲಿಸಿದಾಗ, ಹಿಂಸೆಗೆ ಒಳಗಾದವರು ಉಳಿದವರಿಗಿಂತ ಹೆಚ್ಚು ಅಸಹಾಯಕರೇನೂ ಆಗಿರಲಿಲ್ಲ. ವ್ಯತ್ಯಾಸ ಕಂಡದ್ದು ಹಿಂಸಿಸುವವರಲ್ಲಿ. ಇರಲು ಮನೆ, ಕೈಗೆ ಕಾಸು, ಹೊತ್ತಿಗೆ ಊಟ ಎಲ್ಲಕ್ಕೂ ಅವರೇ ಆ ಹಿರಿಯರನ್ನು ಅವಲಂಬಿಸಿದ್ದರು. ನಲವತ್ತು ದಾಟಿದರೂ ದುಡಿಮೆ ಇಲ್ಲದ, ಕುಡಿತಕ್ಕೆ ಬಿದ್ದ, ಮದುವೆ ಮುರಿದು ತಾಯಿಯ ಮನೆಗೆ ಮರಳಿದ, ಚಿಕಿತ್ಸೆ ಸಿಗದ ಮನೋರೋಗದಿಂದ ನರಳುವ ಮಗ ತಾಯಿಯ ಪಿಂಚಣಿಗೆ ಕೈಚಾಚುತ್ತಾನೆ, ಇಲ್ಲವೆಂದಾಗ ಅದೇ ಕೈ ಎತ್ತುತ್ತಾನೆ. ಈ ಚಿತ್ರ ಕನ್ನಡ ನಾಡಿನ ಯಾವ ಊರಿಗೂ ಹೊಸದಲ್ಲ. ತಿಂಗಳಿಗೆ ₹1,200 ಬರುವ ಸಂಧ್ಯಾ ಸುರಕ್ಷಾ ಹಣವನ್ನೂ ಕಿತ್ತುಕೊಂಡು ಹೋಗುವ ಮಕ್ಕಳಿದ್ದಾರೆ. ಹೊರೆ ಯಾರ ಹೆಗಲ ಮೇಲಿದೆ ಎಂದು ಇಲ್ಲಿ ಮತ್ತೊಮ್ಮೆ ಕೇಳಬೇಕಾಗುತ್ತದೆ. ಅನೇಕ ಮನೆಗಳಲ್ಲಿ ಹೊರೆ ಹೊತ್ತಿರುವುದು ಮುದುಕಿಯೇ.

ಈ ತಿಳಿವಳಿಕೆಯಿಂದ ಪರಿಹಾರದ ದಾರಿಯೇ ಬದಲಾಗುತ್ತದೆ. ಆರೈಕೆಯ ದಣಿವೇ ಕಾರಣವಾದ ಕಡೆ ಆರೈಕೆ ಮಾಡುವವರಿಗೆ ಬಿಡುವು, ದಾದಿಯ ನೆರವು, ಹಗಲು ಪಾಲನಾ ಕೇಂದ್ರ ಬೇಕು. ಅವಲಂಬಿತ ಮಗನ ದರ್ಪ ಕಾರಣವಾದ ಕಡೆ ಇವುಗಳಿಂದ ಏನೂ ಆಗದು. ಅಲ್ಲಿ ಬೇಕಾದದ್ದು ಅವನನ್ನು ಆ ಮನೆಯಿಂದ ಬೇರೆ ಮಾಡುವ ಬಲ, ಅವನ ವ್ಯಸನಕ್ಕೂ ರೋಗಕ್ಕೂ ಚಿಕಿತ್ಸೆ.

ಏಷ್ಯಾದಲ್ಲಿ ಮಕ್ಕಳ ಪಾಲು ಹೆಚ್ಚು. ಹಿರಿಯರ ಮೇಲಿನ ದೌರ್ಜನ್ಯ ತಡೆಗೆ 2006ರಿಂದ ಪ್ರತ್ಯೇಕ ಕಾನೂನು ಜಾರಿಯಲ್ಲಿರುವ ಜಪಾನ್ ಪ್ರತಿ ವರ್ಷ ಹಿಂಸಿಸಿದವರ ನಂಟನ್ನೂ ಲೆಕ್ಕ ಹಾಕುತ್ತದೆ. ಆ ಪಟ್ಟಿಯಲ್ಲಿ ಸುಮಾರು ಶೇ 40ರಷ್ಟು ಪಾಲಿನೊಂದಿಗೆ ಮಗನೇ ಮುಂದೆ, ಗಂಡ ಮತ್ತು ಮಗಳು ಅವನ ಹಿಂದೆ. ಭಾರತದಲ್ಲಿ ಹೆಲ್ಪ್‌ಏಜ್ ಇಂಡಿಯಾ 2018ರಲ್ಲಿ 23 ನಗರಗಳ ಐದು ಸಾವಿರ ಹಿರಿಯರನ್ನು ಮಾತನಾಡಿಸಿದಾಗ ನಾಲ್ವರಲ್ಲಿ ಒಬ್ಬರು ತಾವು ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಕಾರಣರಾದವರಲ್ಲಿ ಗಂಡುಮಕ್ಕಳು ಶೇ 52, ಸೊಸೆಯಂದಿರು ಶೇ 34. ಆ ಪಟ್ಟಿಯಲ್ಲಿ ಮೊದಲು ಬಂದ ನಗರ ಮಂಗಳೂರು, ಅಲ್ಲಿ ಶೇ 47ರಷ್ಟು ಹಿರಿಯರು ಹೌದೆಂದಿದ್ದರು. ಕರಾವಳಿಯಲ್ಲಿ ಇದು ಸಾಕಷ್ಟು ನೋವು, ಚರ್ಚೆ ಹುಟ್ಟಿಸಿತು. ಒಂದು ನಗರಕ್ಕೆ ಸರಾಸರಿ ಇನ್ನೂರು ಚಿಲ್ಲರೆ ಮಂದಿಯನ್ನಷ್ಟೇ ಮಾತನಾಡಿಸಿದ ಸಮೀಕ್ಷೆಯಿಂದ ಒಂದು ಊರನ್ನು ಕೆಟ್ಟ ಊರೆಂದು ತೀರ್ಮಾನಿಸಲಾಗದು. ಅಕ್ಷರ ಬಲ್ಲ, ಬಾಯಿಬಿಟ್ಟು ಹೇಳುವ ಧೈರ್ಯವಿರುವ ಹಿರಿಯರು ಇರುವ ಕಡೆ ಸಂಖ್ಯೆ ಏರುವುದೂ ಉಂಟು. ಆ ಸಮೀಕ್ಷೆಯಲ್ಲಿ ದೌರ್ಜನ್ಯಕ್ಕೆ ಒಳಗಾದವರ ಪೈಕಿ ಶೇ 82ರಷ್ಟು ಮಂದಿ ಯಾರಿಗೂ ದೂರು ಕೊಟ್ಟಿರಲಿಲ್ಲ ಎಂಬುದೇ ಹೆಚ್ಚು ಗಮನಿಸಬೇಕಾದ ಸಂಗತಿ.

ಸೊಸೆಯ ಹೆಸರು ಬಂದಾಗ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ಮುದುಕರ ಆರೈಕೆ ಬಹುಪಾಲು ಸೊಸೆಯ ತಲೆಗೇ ಕಟ್ಟಿರುತ್ತದೆ, ದಿನವಿಡೀ ಎದುರಿಗಿರುವವಳೂ ಅವಳೇ. ಅತ್ತೆಯ ಕೈಯಲ್ಲಿ ಮೊದಲು ನೊಂದವಳು ಮುಂದೆ ಅತ್ತೆಯನ್ನು ನೋಯಿಸುವುದು ಒಂದು ಸರಪಳಿಯೇ ಹೌದು. ಹಿರಿಯರ ಕಾನೂನನ್ನೇ ಆಯುಧ ಮಾಡಿಕೊಂಡು ಗಂಡ ಬಿಟ್ಟ ಸೊಸೆಯನ್ನು ಮನೆಯಿಂದ ಹೊರಹಾಕಲು ಯತ್ನಿಸಿದ ಪ್ರಕರಣಗಳೂ ಇವೆ. ಬೆಂಗಳೂರಿನಿಂದ ಹೋದ ಅಂಥದೊಂದು ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟಿರುವ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆಯ ಮೂಲಕ ಅಳಿಸಿಹಾಕಲಾಗದು ಎಂದು ಹೇಳಿತು.

ಗಂಡ ಹೆಂಡಿರ ನಡುವಿನ ಹಿಂಸೆ ವಯಸ್ಸಾದಂತೆ ತಾನಾಗಿ ನಿಲ್ಲುತ್ತದೆಂಬುದು ತಪ್ಪು. ಮದುವೆಯಾದಂದಿನಿಂದ ಹೊಡೆದವನು ಎಪ್ಪತ್ತರಲ್ಲೂ ಹೊಡೆಯುತ್ತಾನೆ. ಕೆಲವೆಡೆ ಮರೆವಿನ ಕಾಯಿಲೆ ಬಂದ ಮೇಲೆ ಮೊದಲ ಬಾರಿಗೆ ಕೈ ಎತ್ತುವುದೂ ಇದೆ, ಅದು ರೋಗದ ಲಕ್ಷಣ, ವೈದ್ಯರ ಕೆಲಸ. ಇನ್ನೊಂದು ಬಗೆಯಲ್ಲಿ, ತೀರದ ಕಾಯಿಲೆಯ ಹೆಂಡತಿಯನ್ನು ಕೊಂದು ಮುದುಕ ತಾನೂ ಸಾಯುತ್ತಾನೆ. ಇಂಥ ಸಾವುಗಳನ್ನು ಪ್ರೀತಿಯ ಪರಾಕಾಷ್ಠೆ ಎಂಬಂತೆ ಬಣ್ಣಿಸುವುದುಂಟು. ಕೊಂದವನಿಗಿದ್ದ ಗಮನಕ್ಕೆ ಬಾರದ ಖಿನ್ನತೆ, ಸಾಯಲು ಒಪ್ಪಿಗೆ ಕೊಡದ ಹೆಂಡತಿ, ಈ ಎರಡೂ ಆ ಬಣ್ಣನೆಯಲ್ಲಿ ಮರೆಯಾಗುತ್ತವೆ.

ಬಂಧುಗಳೆಲ್ಲ ಸೇರಿ, ಸಂಪ್ರದಾಯದ ಹೆಸರಿನಲ್ಲಿ ಮಾಡುವ ಕೊಲೆ ತಮಿಳುನಾಡಿನ ತಲೈಕೂತಲ್. ವಿರುಧುನಗರದ ಸುತ್ತಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರಿಗೆ ಮುಂಜಾನೆ ಮೈತುಂಬ ಎಣ್ಣೆ ಹಚ್ಚಿ ತಣ್ಣೀರಿನಲ್ಲಿ ಮೀಯಿಸಿ, ಬಳಿಕ ಲೋಟಗಟ್ಟಲೆ ಎಳನೀರು ಕುಡಿಸುತ್ತಾರೆ. ಜ್ವರ ಏರಿ, ಮೂತ್ರಪಿಂಡ ಸೋತು ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. 2010ರಲ್ಲಿ ಎಂಬತ್ತರ ವೃದ್ಧರೊಬ್ಬರು ತಮ್ಮನ್ನು ಮುಗಿಸುವ ಮಾತು ಕಿವಿಗೆ ಬಿದ್ದು ಮನೆಯಿಂದ ತಪ್ಪಿಸಿಕೊಂಡು ಹೋದಾಗ ಇದು ದೇಶಕ್ಕೆಲ್ಲ ತಿಳಿಯಿತು. ಕೂಲಿ ಬಿಟ್ಟು ಮನೆಯಲ್ಲಿ ಕೂತರೆ ಅಂದಿನ ಅನ್ನವಿಲ್ಲದ ಸಂಸಾರಗಳ ಬಡತನ ಇದರ ಹಿಂದಿದೆ ಎಂಬುದು ನಿಜ, ಆಸ್ತಿಯ ಆತುರ ಕೆಲಸ ಮಾಡಿರುವ ಪ್ರಸಂಗಗಳೂ ಇವೆ. ಜಾರ್ಖಂಡ್, ಬಿಹಾರ, ಒಡಿಶಾ, ಅಸ್ಸಾಂಗಳಲ್ಲಿ ಮಾಟಗಾತಿ ಎಂಬ ಪಟ್ಟ ಕಟ್ಟಿ ಕೊಲ್ಲುವುದು ಹೆಚ್ಚಾಗಿ ವಯಸ್ಸಾದ ಹೆಂಗಸರನ್ನು, ವಿಧವೆಯರನ್ನು. ಬೆರಳು ತೋರಿಸುವವರು ಅನೇಕ ವೇಳೆ ಗಂಡನ ಕಡೆಯ ದಾಯಾದಿಗಳೇ. ಅವಳು ಸತ್ತರೆ ಅವಳ ಹೊಲ ಅವರಿಗೆ. ಬಿಹಾರ 1999ರಲ್ಲಿ, ಒಡಿಶಾ 2013ರಲ್ಲಿ ಇದರ ವಿರುದ್ಧ ಕಾನೂನು ತಂದವು. 2022ರಲ್ಲೂ ದೇಶದಲ್ಲಿ 85 ಕೊಲೆಗಳಿಗೆ ಮಾಟದ ನಂಬಿಕೆಯೇ ಕಾರಣವೆಂದು ದಾಖಲಾಗಿದೆ.

ಮಕ್ಕಳು ಹೊರದೇಶಕ್ಕೆ ಹೋಗಿ ಅಪ್ಪ ಅಮ್ಮ ಇಬ್ಬರೇ ಉಳಿದ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಭಯ ಬೇರೆ ರೀತಿಯದು. ಮನೆಗೆಲಸದವರು, ಚಾಲಕರು, ಹಿಂದೆ ಮನೆಯಲ್ಲಿ ಬಡಗಿ ಅಥವಾ ಬಣ್ಣದ ಕೆಲಸ ಮಾಡಿ ಹೋದವರು ಆರೋಪಿಗಳಾದ ಕೊಲೆಗಳು ಅಲ್ಲಿ ನಡೆದಿವೆ. ಮನೆಯ ನಕ್ಷೆ, ಒಡವೆಯ ಜಾಗ, ಹಿರಿಯರು ಮಲಗುವ ಹೊತ್ತು ಬಲ್ಲವರು ಇವರು. ಮುಖ ಗುರುತಿಸುತ್ತಾರೆಂಬ ಭಯದಿಂದ ಕಳವು ಕೊಲೆಗೆ ತಿರುಗುತ್ತದೆ. ಆದರೂ ಲಕ್ಷಾಂತರ ಕೆಲಸದವರ ನಿಷ್ಠೆಯ ಮುಂದೆ ಇಂಥ ಪ್ರಕರಣಗಳು ಬೆರಳೆಣಿಕೆಯವು. ಪೊಲೀಸರ ಪರಿಶೀಲನೆ ಮನೆಗೆಲಸದವರಿಗಷ್ಟೇ ಸೀಮಿತವಾದರೆ ದೊಡ್ಡ ಅಪಾಯ ಕಣ್ತಪ್ಪುತ್ತದೆ.

ನಂಬಿಕೆಯ ನಂಟು ಎಷ್ಟು ದೊಡ್ಡ ಮರೆಯಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶಿಪ್‌ಮನ್ ಪ್ರಕರಣ ಸಾಕ್ಷಿ. ಮನೆಮನೆಗೆ ಹೋಗಿ ನೋಡುತ್ತಿದ್ದ, ರೋಗಿಗಳು ಮೆಚ್ಚಿದ್ದ ಕುಟುಂಬ ವೈದ್ಯ ಅವನು. ಮಾರ್ಫಿನ್ ವರ್ಗದ ಔಷಧವನ್ನು ಅತಿಯಾಗಿ ಚುಚ್ಚಿ ಕೊಲ್ಲುತ್ತಿದ್ದ, ಸಾವಿನ ಪ್ರಮಾಣಪತ್ರಕ್ಕೂ ತಾನೇ ಸಹಿ ಹಾಕುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ನ್ಯಾಯಾಧೀಶೆ ಜಾನೆಟ್ ಸ್ಮಿತ್ ನೇತೃತ್ವದ ವಿಚಾರಣೆ 2002ರಲ್ಲಿ ಅವನು ಕೊಂದವರ ಸಂಖ್ಯೆ 215 ಎಂದು ಕಂಡುಕೊಂಡಿತು. ಹೆಚ್ಚಿನವರು ವಯಸ್ಸಾದ ಹೆಂಗಸರು. ಒಬ್ಬ ವೃದ್ಧೆಯ ಉಯಿಲನ್ನು ತನ್ನ ಹೆಸರಿಗೆ ನಕಲಿ ಮಾಡಿದ್ದು ವಕೀಲೆಯಾಗಿದ್ದ ಆಕೆಯ ಮಗಳ ಕಣ್ಣಿಗೆ ಬಿದ್ದಿದ್ದರಿಂದ ಅವನು ಸಿಕ್ಕಿಬಿದ್ದ. ವಯಸ್ಸಾಗಿತ್ತು, ಹೋದರು ಎಂಬ ಮಾತಿನಡಿ ಅಲ್ಲಿಯವರೆಗಿನ ಸಾವುಗಳೆಲ್ಲ ಮುಚ್ಚಿಹೋಗಿದ್ದವು.

ನಮ್ಮಲ್ಲೂ ಆ ಮಾತೇ ಅನೇಕ ಸಾವುಗಳನ್ನು ಮುಚ್ಚುತ್ತದೆ. ಎಂಬತ್ತು ದಾಟಿದವರು ಮನೆಯಲ್ಲಿ ಸತ್ತರೆ ಮರಣೋತ್ತರ ಪರೀಕ್ಷೆಯ ಮಾತೇ ಬರುವುದಿಲ್ಲ, ಸಂಜೆಯೊಳಗೆ ಸಂಸ್ಕಾರ ಮುಗಿಯುತ್ತದೆ. ಬದುಕಿದ್ದಾಗಿನ ಗಾಯಗಳನ್ನು ಓದುವುದೂ ಸುಲಭವಲ್ಲ. ವಯಸ್ಸಾದವರ ಚರ್ಮ ತೆಳು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ತಾಗುವಿಕೆಗೂ ಮೈ ಕಪ್ಪಗಾಗುತ್ತದೆ. ಕ್ಯಾಲಿಫೋರ್ನಿಯಾದ ವೈದ್ಯರು ಇದನ್ನು ವ್ಯವಸ್ಥಿತವಾಗಿ ಅಭ್ಯಸಿಸಿದ್ದಾರೆ. ತಾನಾಗಿ ಆದ ಕಪ್ಪು ಕಲೆಗಳಲ್ಲಿ ಹತ್ತರಲ್ಲಿ ಒಂಬತ್ತು ಕೈಕಾಲುಗಳ ಮೇಲೇ ಇದ್ದವು, ಕುತ್ತಿಗೆ, ಕಿವಿ, ಅಂಗಾಲುಗಳಲ್ಲಿ ಇರಲಿಲ್ಲ. ಹೊಡೆತದಿಂದ ಆದವು ದೊಡ್ಡವು, ಮುಖ, ಬೆನ್ನು, ತೋಳಿನ ಹೊರಬದಿಯಲ್ಲಿ ಹೆಚ್ಚು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳುವ ಅಜ್ಜಿಯ ಕುತ್ತಿಗೆಯಲ್ಲಿ ಕಲೆ ಕಂಡರೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮಗನನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಬೇಕು.

ಅಜ್ಜಿ ಹೇಳುವಳೇ? ಹೊಟ್ಟೆಯಲ್ಲಿ ಹುಟ್ಟಿದ ಮಗ, ಮನೆ ಮರ್ಯಾದೆ, ನಾಳೆ ಮತ್ತೆ ಅದೇ ಮನೆಗೆ ಹೋಗಬೇಕು, ಕೊಳ್ಳಿ ಇಡುವವನು ಅವನೇ. ಹೀಗೆ ಸುಮ್ಮನಿರುವುದಕ್ಕೆ ಕಟ್ಟುವ ಬೆಲೆ ದೊಡ್ಡದು. ಅಮೆರಿಕದ ನ್ಯೂ ಹೇವನ್‌ನಲ್ಲಿ 2,812 ಹಿರಿಯರನ್ನು 13 ವರ್ಷ ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಕೊನೆಗೆ, ದೌರ್ಜನ್ಯಕ್ಕೆ ಒಳಗಾದವರ ಪೈಕಿ ಬದುಕಿದ್ದವರು ಶೇ 9. ಅಂಥ ಯಾವ ವರದಿಯೂ ಇಲ್ಲದವರಲ್ಲಿ ಶೇ 40. ಉಳಿದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು.

ಭಾರತದಲ್ಲಿ ಹಿರಿಯರ ಮೇಲಿನ ಹಲ್ಲೆ ಎಂಬ ಪ್ರತ್ಯೇಕ ಅಪರಾಧವಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸಾಮಾನ್ಯ ಕಲಮುಗಳೇ ಅನ್ವಯಿಸುತ್ತವೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಜೀವನಾಂಶವನ್ನು ಕೇಂದ್ರವಾಗಿಟ್ಟುಕೊಂಡದ್ದು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ ₹10,000ದವರೆಗೆ ಕೊಡಿಸಬಹುದು. ಹಿರಿಯರನ್ನು ತ್ಯಜಿಸಿದವರಿಗೆ ಹೆಚ್ಚೆಂದರೆ ಮೂರು ತಿಂಗಳ ಸೆರೆ ಅಥವಾ ₹5,000 ದಂಡ, ಇಲ್ಲವೇ ಎರಡೂ. ಇದನ್ನು ಬಿಗಿಗೊಳಿಸಲು 2019ರಲ್ಲಿ ಮಂಡಿಸಿದ ತಿದ್ದುಪಡಿ ಕಾನೂನಾಗಲಿಲ್ಲ. ಹಿಂಸೆಯ ಬೇರಿಗೆ ತಾಗುವುದು ಈ ಕಾಯ್ದೆಯ 23ನೆಯ ಕಲಂ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಬಳಿಕ ಕೈಬಿಟ್ಟರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕು, ನ್ಯಾಯಮಂಡಳಿ ಸ್ವತ್ತಿನ ಸ್ವಾಧೀನವನ್ನೂ ಮರಳಿ ಕೊಡಿಸಬಹುದು ಎಂದಿತು. ಖಾತೆ ಬದಲಾಯಿಸುವ ಮುನ್ನ ಆ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ವಯಸ್ಸಾದ ಹೆಣ್ಣಿಗೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇದೆ, ತಾಯಿ ಮಗನ ವಿರುದ್ಧ ರಕ್ಷಣಾ ಆದೇಶ ಕೇಳಬಹುದು.

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಹೆಸರಾಗಿದೆ. ದೇಶಮಟ್ಟದ ಎಲ್ಡರ್‌ಲೈನ್ ಸಂಖ್ಯೆ 14567. ಇಂಥ ಕಡೆಗೆ ಬರುವ ಹಿರಿಯರಲ್ಲಿ ಅನೇಕರು ಮಗ ಜೈಲಿಗೆ ಹೋಗಲಿ ಎಂದು ಬಯಸುವುದಿಲ್ಲ. ಅವನ ಕುಡಿತ ಬಿಡಿಸಿ, ಅವನಿಗೊಂದು ಕೆಲಸ ಕೊಡಿಸಿ, ಹೊಡೆತ ನಿಲ್ಲಿಸಿ ಎನ್ನುತ್ತಾರೆ. ಈ ಬೇಡಿಕೆ ಸಂಶೋಧನೆಗೂ ಹೊಂದುತ್ತದೆ. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿದ ಮಾದರಿಯಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಂದು ಜಿಲ್ಲೆ ಜಿಲ್ಲೆಗಳಲ್ಲಿದೆ. ಹಿರಿಯರ ದೂರು ಬಂದ ಮನೆಯ ಮಗನನ್ನು ಅಲ್ಲಿಗೆ ತಲುಪಿಸುವ ಕೊಂಡಿಯೊಂದೇ ಈಗ ಬೇಕಿರುವುದು.

ನ್ಯಾಯಮಂಡಳಿಗಳು ವಿಚಾರಣೆಗೆ ಮುನ್ನ ಸಂಧಾನಕ್ಕೆ ಕಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಜೀವನಾಂಶದ ತಕರಾರಿಗೆ ಸಂಧಾನ ಸರಿ, ಅನೇಕ ಸಲ ಒಳ್ಳೆಯದೂ ಹೌದು. ಕೈ ಎತ್ತಿದ ದೂರಿರುವ ಕಡೆ ಮಾತ್ರ ಹೊಡೆದವನನ್ನೂ ಪೆಟ್ಟು ತಿಂದವರನ್ನೂ ಒಂದೇ ಮೇಜಿನ ಎದುರುಬದುರು ಕೂರಿಸಬಾರದು. ಅಲ್ಲಿ ತಾಯಿ ಎಲ್ಲ ಸರಿಹೋಯಿತು ಎಂದೇ ಹೇಳುತ್ತಾಳೆ, ಕಡತ ಮುಚ್ಚುತ್ತದೆ, ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಮರಳುತ್ತಾರೆ. ಹಿರಿಯರ ಹೇಳಿಕೆಯನ್ನು ಬೇರೆಯಾಗಿ, ಸಾಧ್ಯವಾದರೆ ಅವರ ಮನೆಯ ಹೊರಗೆ ಪಡೆಯಬೇಕು. ಆದೇಶವಾದ ತಿಂಗಳೊಪ್ಪತ್ತಿನಲ್ಲಿ ಯಾರಾದರೂ ಹೋಗಿ ಮತ್ತೊಮ್ಮೆ ವಿಚಾರಿಸಬೇಕು.